ಪಡಲಿಗೆ ತುಂಬುವ ಕೈಗಳು

ತುಂಗಭದ್ರೆಯ ದಂಡೆಯ ಕಂಪ್ಲಿ, ಹಂಪಿ, ಹೊಸಪೇಟೆಗಳಿಂದ ಸಂಡೂರಿನ ಗುಡ್ಡಗಳವರೆಗಿನ ಸೀಮೆಯಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಕೈಗೆ ಊರಿನವರು ಕಾಳುಕಡಿ, ಬಟ್ಟೆ, ದುಡ್ಡು ನೀಡುವ ರೂಢಿ ಬಹಳ ಹಳೆಯದು. ಒಂದು ಸಮುದಾಯದವರೂ ಅವರ ಹಿತೈಷಿಗಳೂ ತಮ್ಮತಮ್ಮಲ್ಲೇ ಹಣ ಕೂಡಿಸಿ, ಅದನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂಬುದನ್ನು ತಾವೇ ತೀರ್ಮಾನಿಸಿ, ತಮ್ಮವರ ಕ್ಷೇಮಕ್ಕಾಗಿ ದುಡಿಯುವ ಸಂಘಸಂಸ್ಥೆಗಳನ್ನು ಸಾಕುವ ಪದ್ಧತಿಗೆ ಇತ್ತೀಚಿನ ವರ್ಷಗಳಲ್ಲಿ ‘ಸಮುದಾಯ ದಾನ’ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ, ಜಾತ್ರೆಗೆ ಪಟ್ಟಿ ಎತ್ತುವ, ಬಯಲಾಟಕ್ಕೆ ವಂತಿಗೆ ಕೂಡಿಸುವ, ಮದುವೆಮನೆಯಲ್ಲಿ ಮುಯ್ಯಿ ಬರೆಸುವ ಈ ಸೀಮೆಯ ಜನರಿಗೆ ಅದರ ಒಳಗುಣ ಹೊಸದೇನಲ್ಲ. ಕೊಡುವ ಕೈಗಳು ಇಲ್ಲಿ ಹಿಂದೆಯೂ ಇದ್ದವು, ಈಗಲೂ ಇವೆ. ಆದರೆ ಕೊಟ್ಟದ್ದು ಯಾವುದಕ್ಕೆ ಬಳಕೆಯಾಗಬೇಕೆಂದು ಹೇಳುವ ಅಧಿಕಾರ ಪಡೆದವರ ಕೈಯಲ್ಲಿ ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆಯನ್ನು ಮಾತ್ರ ಹೆಚ್ಚಾಗಿ ಯಾರೂ ಕೇಳಿಲ್ಲ.

ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ತಾವು ಒಳಗಿನಿಂದ ಅರಿತ ಲಿಂಗಕ್ಕೂ ಹೊಂದಿಕೆಯಿಲ್ಲದವರನ್ನು ಲಿಂಗತ್ವ ಅಲ್ಪಸಂಖ್ಯಾತರೆಂದೂ, ತಮ್ಮದೇ ಲಿಂಗದವರಲ್ಲಿ ಅಥವಾ ಎರಡೂ ಲಿಂಗದವರಲ್ಲಿ ಅನುರಾಗ ಹೊಂದುವವರನ್ನು ಲೈಂಗಿಕ ಅಲ್ಪಸಂಖ್ಯಾತರೆಂದೂ ಕನ್ನಡದಲ್ಲಿ ಕರೆಯಲಾಗುತ್ತದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಗುರುತುಗಳ ಜೊತೆಗೆ ‘ಇತರೆ’ ಎಂಬ ಮೂರನೆಯದನ್ನು ಸೇರಿಸಿದಾಗ ದೇಶದಲ್ಲಿ ಸುಮಾರು 4.88 ಲಕ್ಷ ಮಂದಿಯೂ ಕರ್ನಾಟಕದಲ್ಲಿ 20,266 ಮಂದಿಯೂ ಅದರಡಿ ಲೆಕ್ಕಕ್ಕೆ ಬಂದರು. ಮನೆಬಾಗಿಲಿಗೆ ಬಂದ ಗಣತಿದಾರರ ಮುಂದೆ ಮನೆಯ ಹಿರಿಯರು ಹೇಳಿದ್ದಷ್ಟೇ ಆ ಲೆಕ್ಕದಲ್ಲಿರುವುದರಿಂದ, ಹೇಳದೆ ಉಳಿದವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದಿರಬೇಕು.

ಈ ಸೀಮೆಯ ಕೊಡುಕೊಳ್ಳುವಿಕೆಯ ಕೇಂದ್ರದಲ್ಲಿ ನಿಂತವರು ಜೋಗಪ್ಪಗಳು. ಸವದತ್ತಿಯ ಎಲ್ಲಮ್ಮನಿಗೆ ಅಥವಾ ಹೊಸಪೇಟೆಗೆ ಹತ್ತಿರದಲ್ಲಿ, ನದಿಯ ಆಚೆ ದಂಡೆಯಲ್ಲಿದ್ದು ಕೊಪ್ಪಳ ಜಿಲ್ಲೆಗೆ ಸೇರಿದ ಹುಲಿಗಿಯ ಹುಲಿಗೆಮ್ಮನಿಗೆ ತಮ್ಮನ್ನು ಒಪ್ಪಿಸಿಕೊಂಡು, ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ದೇವಿಯ ಸೇವೆಯಲ್ಲಿ ಬಾಳುವ ಇವರನ್ನು ಜನ ಜೋಗತಿ, ಜೋಗವ್ವ ಎಂದೂ ಕರೆಯುತ್ತಾರೆ. ಮುತ್ತು ಕಟ್ಟುವುದೆಂದರೆ ದೇವಿಯ ಹೆಸರಿನಲ್ಲಿ ಕೊರಳಿಗೆ ಮಣಿಸರ ಹಾಕಿ ದೀಕ್ಷೆ ಕೊಡುವುದು. ಹೆಣ್ಣುಮಕ್ಕಳನ್ನು ಹೀಗೆ ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ, 1982 ಅಪರಾಧವೆಂದು ಸಾರಿತು. ಜೋಗಪ್ಪಗಳ ಕಥೆ ಆ ಕ್ರೂರ ಚರಿತ್ರೆಗೆ ನೆರೆಯಲ್ಲಿದ್ದರೂ ಪೂರ್ತಿ ಅದೇ ಅಲ್ಲ, ಏಕೆಂದರೆ ತಮ್ಮ ಒಳಗಿನ ಹೆಣ್ಣಿಗೆ ಊರು ಒಪ್ಪುವ ಒಂದು ಹೆಸರನ್ನೂ ಉಡುಗೆಯನ್ನೂ ಅವರು ಕಂಡುಕೊಂಡದ್ದು ಈ ದೇವಿಯರ ಅಂಗಳದಲ್ಲಿಯೇ.

ಜೋಗತಿಯ ಕೈಯಲ್ಲಿರುವ ಪಡಲಿಗೆಯನ್ನು, ಆಡುಮಾತಿನಲ್ಲಿ ಹಡ್ಲಿಗಿ ಎನ್ನುವ ಆ ಅಗಲವಾದ ಬುಟ್ಟಿಯನ್ನು, ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರೊಳಗೆ ದೇವಿಯ ಮುಖ, ಭಂಡಾರವೆಂದು ಕರೆಯುವ ಅರಿಸಿನದ ಪುಡಿ, ಕವಡೆ, ಬೇವಿನ ಎಸಳು ಇರುತ್ತವೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಂದು ಚೌಡಿಕೆಯ ಒಂಟಿ ತಂತಿಯನ್ನು ಮೀಟುತ್ತ, ತಾಳ ಹಾಕುತ್ತ, ಉಧೋ ಎನ್ನುತ್ತ ಜೋಗತಿ ಬಾಗಿಲಿಗೆ ಬಂದಾಗ ಮನೆಯೊಡತಿ ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ತಂದು ಸುರಿಯುತ್ತಾಳೆ. ಜೋಗತಿ ಅದರಲ್ಲಿ ನಾಲ್ಕು ಕಾಳನ್ನು ಭಂಡಾರದೊಡನೆ ಅದೇ ಮೊರಕ್ಕೆ ಹಿಂದಿರುಗಿಸಿ, ಹಣೆಗೆ ಹಚ್ಚಿ ಹರಸುತ್ತಾಳೆ. ಹಿಂದಿರುಗಿದ ಆ ನಾಲ್ಕು ಕಾಳು ಮನೆಯ ಕಣಜಕ್ಕೆ ಸೇರಿದಾಗ ಕೊಟ್ಟವರು ಪಡೆದವರೂ ಆಗುತ್ತಾರೆ. ಇನ್ನು ಹರಕೆ ಹೊತ್ತ ಮನೆಯವರು ಐವರು ಜೋಗತಿಯರನ್ನು ಕರೆದು ಪಡಲಿಗೆಗೆ ಪೂಜೆ ಮಾಡಿ, ಹೋಳಿಗೆ, ಕಡುಬು, ಅನ್ನಗಳಿಂದ ಅದನ್ನು ತುಂಬಿಸುತ್ತಾರೆ. ಇದೇ ಪಡಲಿಗೆ ತುಂಬಿಸುವ ಶಾಸ್ತ್ರ, ಅದರ ಕೊನೆಗೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಕಂಪ್ಲಿಯ ಬತ್ತದ ಬಯಲಿನಂಥ ನೀರಾವರಿಯ ಕಡೆ ಸುಗ್ಗಿಯ ಹೊತ್ತಿಗೆ ಸಿಗುವ ಕಾಳು ಬೇಸಿಗೆಯ ತಿಂಗಳುಗಳಿಗೆ ಆಧಾರ. ಯಾವ ಅರ್ಜಿಯೂ ಇಲ್ಲದ, ಬಡವರ ಮನೆಯೂ ಪಾಲುಗೊಳ್ಳುವ ಈ ಕೊಡುಗೆಯನ್ನು ಭಿಕ್ಷೆ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ.

ಹಾಗೆಂದು ಇದನ್ನು ಹೊಗಳಿ ಸುಮ್ಮನಾಗುವುದೂ ಸಾಧ್ಯವಿಲ್ಲ. ಮೊರದಿಂದ ಸುರಿದ ಜೋಳ ಸಲ್ಲುವುದು ದೇವಿಗೆ. ಪಡಲಿಗೆಯನ್ನು ಹೊತ್ತ ವ್ಯಕ್ತಿ ಮರುದಿನ ಅದೇ ಓಣಿಯಲ್ಲಿ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ತೆರೆಯುವುದು ಅಪರೂಪ. ಮಂಗಳವಾರ ಕಾಲಿಗೆ ಬಿದ್ದವರೇ ಬುಧವಾರ ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟು ಏಳುತ್ತಾರೆಂಬುದು ಈ ಸಮುದಾಯದ ಹಲವರ ಅನುಭವಕ್ಕೆ ಬಂದ ಸಂಗತಿ. ಇನ್ನೂ ಮುಖ್ಯವಾದ ಮಾತೆಂದರೆ, ದೇವಿಯ ದಾರಿಯನ್ನು ಹಿಡಿಯದವರಿಗೆ ಈ ಮೊರದಲ್ಲಿ ಪಾಲಿಲ್ಲ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸುವವರು, ಮದುವೆಯ ಒತ್ತಡಕ್ಕೆ ಸಿಕ್ಕಿಬಿದ್ದ ಸಲಿಂಗಿ ಯುವಕರು, ಗೆಳತಿಯೊಡನೆ ಬಾಳಬಯಸಿ ಮನೆಯಿಂದ ಹೊರಬಿದ್ದ ಹೆಣ್ಣುಮಕ್ಕಳು, ಇವರಿಗೆ ಜಾತ್ರೆಯೂ ಇಲ್ಲ, ಚೌಡಿಕೆಯೂ ಇಲ್ಲ.

ಮನೆ ಕೈಬಿಟ್ಟವರನ್ನು ಸಾಕಿದ್ದು ಹೆಚ್ಚಾಗಿ ಗುರುಶಿಷ್ಯರ ಬಳಗ. ಜೋಗತಿಯರಲ್ಲಿ ಹಿರಿಯ ಜೋಗತಿಯೂ, ನಗರಗಳ ಹಿಜ್ರಾ ಸಮುದಾಯದಲ್ಲಿ ಚೇಲಾಗಳೆನ್ನುವ ಶಿಷ್ಯರನ್ನು ಇಟ್ಟುಕೊಂಡ ಗುರುವೂ ತಾಯಿಯ ಸ್ಥಾನದಲ್ಲಿ ನಿಂತು, ಶಿಷ್ಯರ ಗಳಿಕೆಯ ಒಂದು ಪಾಲನ್ನು ಪಡೆದು, ಅದರಿಂದ ಮನೆ ನಡೆಸಿ, ಕಾಯಿಲೆ ಕಸಾಲೆಗೆ, ಪೊಲೀಸ್ ಠಾಣೆಯ ತಾಪತ್ರಯಕ್ಕೆ ಖರ್ಚು ಮಾಡುತ್ತಾರೆ. ಇದರೊಳಗೆ ಸಾಲದ ಹೊರೆಯೂ ಮೇಲುಕೀಳೂ ಇವೆ ಎಂಬುದನ್ನು ಸಮುದಾಯದವರೇ ಒಪ್ಪುತ್ತಾರೆ. ಆದರೂ ಸರ್ಕಾರದ ಯೋಜನೆಗಳು ಹುಟ್ಟುವ ಮೊದಲು ಇವರ ಪಾಲಿನ ವಿಮೆಯೂ ವೃದ್ಧಾಶ್ರಮವೂ ಈ ಬಳಗವೊಂದೇ ಆಗಿತ್ತು.

ಈ ಬಳಗದ ಶಕ್ತಿಯನ್ನು ಕಾಣಿಸಿಕೊಟ್ಟ ಬದುಕು ಮಂಜಮ್ಮ ಜೋಗತಿಯವರದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆಯವರ ದುಃಖವನ್ನು ತಾಳಲಾರದೆ ಹೊರಬಿದ್ದ ಅವರಿಗೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಂಡ ಜೋಗತಿ ನೃತ್ಯ ಬದುಕುವ ದಾರಿ ತೋರಿತು. ದೇವಿಯ ಕೊಡವನ್ನು ತಲೆಯ ಮೇಲೆ ಕೈ ಹಿಡಿಯದೆ ನಿಲ್ಲಿಸಿಕೊಂಡು ಕುಣಿಯುವ ಈ ಕಲೆಯನ್ನು ಅವರು ಬಸಪ್ಪ ಎಂಬ ಕಲಾವಿದರಿಂದ ಕಲಿತು, ಅನಂತರ ಕಾಳವ್ವ ಜೋಗತಿಯವರ ಮೇಳವನ್ನು ಸೇರಿದರು. ಎಲ್ಲಮ್ಮನ ಕಥೆಯನ್ನು ಊರೂರಿಗೆ ಆಡಿ ತೋರಿಸುತ್ತಿದ್ದ ಆ ಮೇಳ ಕಲೆಯ ತಂಡವಷ್ಟೇ ಆಗಿರದೆ, ಬಂದ ಸಂಭಾವನೆಯಲ್ಲಿ ಎಲ್ಲರ ಹೊಟ್ಟೆಬಟ್ಟೆ ನಡೆಯುವ ಒಂದು ಸಂಸಾರವೂ ಆಗಿತ್ತು. ಕಾಳವ್ವನವರ ನಂತರ ಮೇಳದ ಹೊಣೆಯನ್ನು ಹೊತ್ತ ಮಂಜಮ್ಮನವರು ಹೊಸಪೇಟೆಗೆ ಹತ್ತಿರದ, ನಾಟಕದ ಊರೆಂದೇ ಹೆಸರಾದ ಮರಿಯಮ್ಮನಹಳ್ಳಿಯಲ್ಲಿ ನೆಲೆನಿಂತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು; 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿಗಳೆದುರು ನಿಂತಾಗ, ಪದಕಕ್ಕೆ ಕೈಯೊಡ್ಡುವ ಮೊದಲು ಅವರು ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಮೊರಕ್ಕೆ ನಾಲ್ಕು ಕಾಳು ಹಿಂದಿರುಗಿಸುವ ಅದೇ ನಡವಳಿಕೆ ಅಂದು ದೆಹಲಿಯ ದರ್ಬಾರಿನಲ್ಲಿ ಕಾಣಿಸಿಕೊಂಡಿತು.

ಮೇಳದ ಕಲಾವಿದರ ಮುಂದೆ ಹಣ ಬೀಳುವ ಬಗೆಗಳಲ್ಲಿಯೂ ಅಂತರವಿದೆ. ನೆಲದ ಮೇಲೆ ನೋಟನ್ನು ಇಟ್ಟು, ಕುಣಿಯುವವರು ಬೆನ್ನು ಬಾಗಿಸಿ, ತಲೆಯ ಕೊಡ ಅಲುಗದಂತೆ ಅದನ್ನು ಬಾಯಿಂದಲೇ ಎತ್ತಲಿ ಎಂದು ಕಾಯುವುದು ಹಳೆಯ ವಾಡಿಕೆ; ಅದರಲ್ಲಿ ಕಲೆಗಾರಿಕೆಗೆ ಮೆಚ್ಚುಗೆಯಿದ್ದರೂ ಕೊಟ್ಟವರ ದರ್ಪವೂ ಇದೆ. ಹೆಸರು ಹೇಳಿ ಕರೆದು, ಸಭೆಯ ಮುಂದೆ ಕೈಗೆ ಕೊಡುವ ಆಯೇರಿಯಲ್ಲಿ ಆ ದರ್ಪ ಕಡಿಮೆ. ಮುಂಗಡವಾಗಿ ಸಂಭಾವನೆ ನಿಗದಿ ಮಾಡಿ, ಮೇಳವನ್ನು ಕಲಾತಂಡವೆಂದು ಗೌರವಿಸಿ ಕರೆಸಿದಾಗ ಅದು ಪೂರ್ತಿ ಇಲ್ಲವಾಗುತ್ತದೆ. ಹಣದ ಮೊತ್ತ ಮೂರರಲ್ಲಿಯೂ ಒಂದೇ ಇರಬಹುದು.

ದೇವಿಯ ದಾರಿಯಲ್ಲಿಲ್ಲದವರ ಕಷ್ಟಕ್ಕೆ ಕನ್ನಡದಲ್ಲಿ ಮಾತು ಕೊಟ್ಟವರಲ್ಲಿ ಒಬ್ಬರು ಇದೇ ಸೀಮೆಯ ಸಂಡೂರಿನವರು ಎಂಬುದು ಗಮನಾರ್ಹ. 1969ರಲ್ಲಿ ಅಲ್ಲಿ ಹುಟ್ಟಿದ ಲೇಖಕ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಪ್ರಕಟಿಸಿ, ಸಲಿಂಗಿ ಯುವಕನೊಬ್ಬನ ಬದುಕನ್ನು ಕನ್ನಡ ಓದುಗರ ಮನೆಯೊಳಗೆ ತಂದರು, ತಾವೂ ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡರು. ಛಂದ ಪುಸ್ತಕ ಪ್ರಕಾಶನವನ್ನು ನಡೆಸುತ್ತಿರುವ ಅವರು ಬೆಂಗಳೂರಿನ ಬೆಂಬಲ ಗುಂಪುಗಳಲ್ಲಿಯೂ ತೊಡಗಿಸಿಕೊಂಡಿದ್ದಾರೆ. ಬೆಂಬಲ ಗುಂಪು ಎಂದರೆ ಒಂದೇ ಬಗೆಯ ಸಂಕಟವುಳ್ಳವರು ವಾರಕ್ಕೋ ತಿಂಗಳಿಗೋ ಒಮ್ಮೆ ಕೂಡಿ, ಭಯವಿಲ್ಲದೆ ಮಾತಾಡಿಕೊಳ್ಳುವ ಜಾಗ. ‘ಗುಡ್ ಆ್ಯಸ್ ಯು’ ಎಂಬ ಅಂಥದೊಂದು ಗುಂಪು ಬೆಂಗಳೂರಿನಲ್ಲಿ 1994ರಷ್ಟು ಹಿಂದೆಯೇ ಆರಂಭವಾಯಿತು. ಇದಕ್ಕೆ ಬೇಕಾಗುವುದು ಒಂದು ಕೋಣೆ, ಕೆಲವು ಕುರ್ಚಿ, ಚಹಾ ಮತ್ತು ಗುಟ್ಟು ಕಾಯುವ ಮನಸ್ಸು. ಕಂಪ್ಲಿಯ ಯುವಕನಿಗೆ ಅಂಥ ಕೋಣೆ ರಾತ್ರಿಯ ರೈಲು ಹತ್ತಿ ಹೋಗುವಷ್ಟು ದೂರದಲ್ಲಿದೆ. ಕಾಲೇಜು, ಕಾರ್ಖಾನೆ, ಪ್ರವಾಸೋದ್ಯಮಗಳಿಂದ ಬೆಳೆಯುತ್ತಿರುವ ಹೊಸಪೇಟೆಯಲ್ಲಿ ಅದೊಂದು ಇದ್ದರೆ ಎಷ್ಟು ಜೀವಗಳಿಗೆ ಆಸರೆಯಾದೀತು!

ಹೊರಗಿನ ದೊಡ್ಡ ಹಣ ಈ ಸಮುದಾಯಗಳ ಬಾಗಿಲಿಗೆ ಮೊದಲು ಬಂದದ್ದು ಎಚ್‌ಐವಿಯ ಹೆಸರಿನಲ್ಲಿ. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಭಾರತದಲ್ಲಿ ಆರಂಭಿಸಿದ ‘ಆವಾಹನ್’ ಕಾರ್ಯಕ್ರಮವನ್ನು ಕರ್ನಾಟಕದಲ್ಲಿ ಅದೇ ವರ್ಷ ಸ್ಥಾಪನೆಯಾದ ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟ್ ಮುನ್ನಡೆಸಿತು, ಅವಿಭಜಿತ ಬಳ್ಳಾರಿ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿತ್ತು. ಕಾಂಡೋಮ್ ಹಂಚಿಕೆ, ರಕ್ತಪರೀಕ್ಷೆ, ಚಿಕಿತ್ಸೆಗಳ ಜೊತೆಗೆ, ಹಗಲು ಹೊತ್ತು ಬಂದು ಕುಳಿತು ಸುಧಾರಿಸಿಕೊಳ್ಳಬಹುದಾದ ಕೇಂದ್ರಗಳು ಹುಟ್ಟಿಕೊಂಡವು. ಸಮುದಾಯದವರೇ ಸಂಘ ಕಟ್ಟಿ, ಲೆಕ್ಕ ಬರೆಯಲು, ಸಭೆ ನಡೆಸಲು, ಠಾಣೆಯಲ್ಲಿ ಮಾತಾಡಲು ಕಲಿತರು. ಎಷ್ಟೋ ಪ್ರಾಣಗಳನ್ನು ಈ ಕೆಲಸ ಉಳಿಸಿತು. ಆದರೆ ರೋಗ ತಡೆಯಲೆಂದು ಬಂದ ಹಣದಲ್ಲಿ ವಯಸ್ಸಾದ ಜೋಗತಿಯ ಬಾಡಿಗೆಗೆ, ಮನೆ ಬಿಟ್ಟ ಹುಡುಗಿಯ ಎರಡು ರಾತ್ರಿಯ ತಂಗುದಾಣಕ್ಕೆ, ಖಿನ್ನತೆಗೆ ಬಿದ್ದ ಯುವಕನ ಆಪ್ತಸಲಹೆಗೆ ಜಾಗವಿರಲಿಲ್ಲ. ಕಾರ್ಯಕ್ರಮ ಹಂತಹಂತವಾಗಿ ಸರ್ಕಾರಕ್ಕೆ ಹಸ್ತಾಂತರವಾದ ಮೇಲೆ ಗುರಿಗಳ ಪಟ್ಟಿ ಉಳಿಯಿತು, ಸಂಘ ಕಟ್ಟುವ ಕೆಲಸಕ್ಕೆ ಸಿಗುತ್ತಿದ್ದ ಬಲ ತಗ್ಗಿತು.

ಇದರ ಮೇಲೆ ಕಾನೂನಿನ ಬಿಗಿಯೂ ಬಂದಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರ ಸೆಪ್ಟೆಂಬರಿನಲ್ಲಿ ಆದ ತಿದ್ದುಪಡಿಯ ನಂತರ, ವಿದೇಶದಿಂದ ಹಣ ಪಡೆದ ಸಂಸ್ಥೆಯೊಂದು ಅದರಲ್ಲಿ ಸ್ವಲ್ಪವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. ಬೆಂಗಳೂರಿನ ಸಂಸ್ಥೆಯ ಮೂಲಕ ಜಿಲ್ಲೆಯ ಪುಟ್ಟ ಸಂಘಗಳಿಗೆ ಹರಿಯಬಹುದಾಗಿದ್ದ ಕಾಲುವೆ ಹೀಗೆ ಮುಚ್ಚಿತು. ಸ್ವಂತವಾಗಿ ನೋಂದಣಿ ಪಡೆಯಬೇಕೆಂದರೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿಗಳ ಸೇವಾಕಾರ್ಯ ನಡೆಸಿರಬೇಕು. ಐದಾರು ಜೋಗತಿಯರು ಕೂಡಿ ಕಟ್ಟಿಕೊಂಡ ಸಂಘಕ್ಕೆ ಇದು ಎಟುಕುವ ಮಾತಲ್ಲ.

ಈ ಸೀಮೆಯ ನೆಲದಲ್ಲಿಯೇ ಹಣವಿಲ್ಲವೇ ಎಂದು ಕೇಳಿದರೆ, ಸಂಡೂರಿನ ಕೆಂಪು ಗುಡ್ಡಗಳೇ ಉತ್ತರ ಹೇಳುತ್ತವೆ. ದೋಣಿಮಲೈಯ ಗಣಿಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೆ ಹರಡಿದ ಕಬ್ಬಿಣದ ಅದಿರಿನ ಉದ್ಯಮದಿಂದ ಸಮಾಜಕ್ಕೆ ಹಣ ಮರಳಲು ಎರಡು ದಾರಿಗಳನ್ನು ಕಾನೂನು ಮಾಡಿಕೊಟ್ಟಿದೆ. ಮೊದಲನೆಯದು ಕಂಪನಿ ಕಾಯ್ದೆ, 2013ರ 135ನೇ ಕಲಂ. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು, ಅವುಗಳ ಪಟ್ಟಿಯಲ್ಲಿ ಲಿಂಗ ಸಮಾನತೆಯೂ ಹಿಂದುಳಿದವರ ಅಸಮಾನತೆ ತಗ್ಗಿಸುವುದೂ ಸೇರಿವೆ. ಎರಡನೆಯದು 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ರಾಜಧನದ ಜೊತೆಗೆ, ಹಳೆಯ ಗುತ್ತಿಗೆಯಾದರೆ ಅದರ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಪಡೆದದ್ದಾದರೆ ಶೇಕಡಾ 10ರಷ್ಟನ್ನು ಗಣಿಬಾಧಿತ ಪ್ರದೇಶದ ಜನರಿಗಾಗಿ ಈ ನಿಧಿಗೆ ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳು, ವೃದ್ಧರು, ಅಂಗವಿಕಲರು, ಕೌಶಲ ತರಬೇತಿ ಎಂದು ಅದರ ಆದ್ಯತೆಗಳನ್ನು ಹೆಸರಿಸಲಾಗಿತ್ತು. ಗಣಿಯ ಧೂಳನ್ನು ಎಲ್ಲರಂತೆ ಕುಡಿದ ಲಿಂಗತ್ವ ಅಲ್ಪಸಂಖ್ಯಾತರ ಹೆಸರು ಆ ಸಾಲಿನಲ್ಲಿ ಇರಲಿಲ್ಲ; ಹೆಸರಿಲ್ಲದವರಿಗೆ ಯೋಜನಾ ಪಟ್ಟಿಯಲ್ಲಿ ಸಾಲು ಬರೆಯುವ ಅಧಿಕಾರಿಯೂ ಸುಲಭವಾಗಿ ಸಿಗುವುದಿಲ್ಲ. ಕಂಪನಿಗಳ ನೆರವು ಪಡೆಯುವ ಟ್ರಸ್ಟು ಸಂಘಗಳಿಗೂ ಆದಾಯ ತೆರಿಗೆಯ ನೋಂದಣಿಗಳು ಮತ್ತು ಮೂರು ವರ್ಷಗಳ ಅನುಭವ ಬೇಕು.

ಆದ್ದರಿಂದ ಸಮುದಾಯದವರೇ ಕೂಡಿಸುವ ಹಣಕ್ಕೆ, ಅದು ಎಷ್ಟೇ ಚಿಕ್ಕದಿರಲಿ, ಬೇರೆಯದೇ ಬೆಲೆಯಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1980ರಲ್ಲಿ ಸ್ಥಾಪನೆಯಾದ ಹೊರೈಜನ್ಸ್ ಫೌಂಡೇಶನ್, ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ದೇಣಿಗೆಯನ್ನು ಒಟ್ಟುಗೂಡಿಸಿ ಅವರದೇ ಸಂಸ್ಥೆಗಳಿಗೆ ಹಂಚುವ ಕೆಲಸವನ್ನು ಮಾಡುತ್ತ ಬಂದಿದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹೆಮ್ಮೆಯ ನಡಿಗೆಯ ವೆಚ್ಚದಲ್ಲಿಯೂ ಸಮುದಾಯದವರ ಮತ್ತು ಗೆಳೆಯರ ವಂತಿಗೆಯ ಪಾಲು ದೊಡ್ಡದು. ಅದೇ ನಗರದ ಸಾಲಿಡಾರಿಟಿ ಫೌಂಡೇಶನ್ ಲೈಂಗಿಕ ಅಲ್ಪಸಂಖ್ಯಾತರ ಮತ್ತು ಲೈಂಗಿಕ ಕಾರ್ಯಕರ್ತೆಯರ ಪುಟ್ಟ ಸಂಘಗಳ ಬೆನ್ನಿಗೆ ನಿಂತಿದೆ. ಸಂಘಗಳನ್ನು ಸಾಕಿದರೆ ಏನು ಫಲವೆಂಬುದಕ್ಕೆ ಉದಾಹರಣೆಯೂ ಇದೆ: 1999ರಲ್ಲಿ ಆರಂಭವಾದ ‘ಸಂಗಮ’ ಸಂಸ್ಥೆ ಪೊಲೀಸ್ ನೇಮಕಾತಿಯ ವಿಷಯದಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು, ‘ಜೀವ’ ಸಂಸ್ಥೆ ಅದರ ಜೊತೆಗೂಡಿತು, ಅದರ ಫಲವಾಗಿ 2021ರಲ್ಲಿ ರಾಜ್ಯ ಸರ್ಕಾರದ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿ ಜಾರಿಗೆ ಬಂದು, ದೇಶದಲ್ಲಿ ಇಂಥ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕವಾಯಿತು. ವಕೀಲರ ಕಾಗದಪತ್ರದ, ಓಡಾಟದ, ಕಚೇರಿ ಬಾಡಿಗೆಯ ಖರ್ಚನ್ನು ಯಾರೋ ಭರಿಸಿದ್ದರಿಂದಲೇ ಆ ತೀರ್ಮಾನ ಸಂಡೂರಿನ ಅಭ್ಯರ್ಥಿಗೂ ಅನ್ವಯವಾಯಿತು.

ಸರ್ಕಾರದ ನೆರವು ಇಲ್ಲವೆಂದಲ್ಲ. ಮೈತ್ರಿ ಮಾಸಾಶನವಿದೆ, ಸ್ವಯಂ ಉದ್ಯೋಗಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಸಹಾಯವಿದೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಆದರೆ ಇವುಗಳನ್ನು ತಲುಪಬೇಕಾದರೆ ಕೈಯಲ್ಲಿ ಕಾಗದವಿರಬೇಕು. ಕೊರೊನಾ ಕಾಲದಲ್ಲಿ ಜಾತ್ರೆ, ಮದುವೆ, ಮೇಳ, ಪಡಲಿಗೆ ಹೊತ್ತು ಮನೆಮನೆಗೆ ಹೋಗುವುದು ಎಲ್ಲವೂ ಒಮ್ಮೆಗೇ ನಿಂತುಹೋದಾಗ ಕೇಂದ್ರ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ತಲಾ 1,500 ರೂಪಾಯಿಗಳ ನೆರವನ್ನು ಪ್ರಕಟಿಸಿತು. ಅದು ಬ್ಯಾಂಕ್ ಖಾತೆಗೆ ಜಮಾ ಆಗುವಂಥದು. ಮನೆ ಬಿಟ್ಟು ಬಂದಾಗ ಶಾಲೆಯ ಪ್ರಮಾಣಪತ್ರವನ್ನೂ ಪಡಿತರ ಚೀಟಿಯನ್ನೂ ಬಿಟ್ಟು ಬಂದವರಿಗೆ, ಹಳೆಯ ಹೆಸರಿನ ಆಧಾರ್ ಹೊಂದಿದವರಿಗೆ ಅಂಥ ಖಾತೆ ತೆರೆಯುವುದೇ ಒಂದು ಹೋರಾಟ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ ಮೇರೆಗೆ ಬಂದ 2020ರ ನಿಯಮಗಳಲ್ಲಿ ಜಿಲ್ಲಾಧಿಕಾರಿಗಳಿಂದ ಗುರುತಿನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಯವರಿಗೆ ಜಿಲ್ಲಾಧಿಕಾರಿ ಕಚೇರಿ ಊರಲ್ಲೇ ಸಿಕ್ಕಿತು. ಕಂಪ್ಲಿ, ಸಂಡೂರಿನವರು ಬಳ್ಳಾರಿಗೇ ಹೋಗಬೇಕು. ಪ್ರಮಾಣಪತ್ರದ ಅರ್ಜಿ ತುಂಬಿಸುವ ಅಂಗಡಿಯ ಶುಲ್ಕ, ಅಫಿಡವಿಟ್ಟಿನ ಖರ್ಚು, ಕಳೆದುಹೋದ ದಿನದ ದುಡಿಮೆ, ಜೊತೆಗೆ ಬಂದು ಗುಮಾಸ್ತರ ಮುಂದೆ ಧೈರ್ಯವಾಗಿ ಮಾತಾಡುವ ಒಬ್ಬ ಅಕ್ಕ, ಇವು ಯಾವ ಯೋಜನೆಯ ಬಾಬ್ತಿನಲ್ಲೂ ಇಲ್ಲ. ಸಮುದಾಯದ ವಂತಿಗೆ ಮೊದಲು ಮುಟ್ಟಬೇಕಾದ್ದು ಇಂಥ ಸಣ್ಣ ಖರ್ಚುಗಳನ್ನು.

ಅಂಥ ವಂತಿಗೆ ವರ್ಷವರ್ಷವೂ ಬತ್ತದೆ ಉಳಿಯುವ ದಾರಿ ಈ ಸೀಮೆಗೆ ಹೊಸದಲ್ಲ. ಹಂಪಿಯ ಸುತ್ತಮುತ್ತಲಿನ ಶಾಸನಗಳನ್ನು ಓದಿದವರಿಗೆ ದತ್ತಿ ಎಂಬ ಮಾತು ಚೆನ್ನಾಗಿ ಗೊತ್ತು. ಮೂಲವನ್ನು ಮುಟ್ಟದೆ, ಅದರ ಉತ್ಪನ್ನದಿಂದ ಮಾತ್ರ ದೀಪವನ್ನೋ ಅನ್ನಸತ್ರವನ್ನೋ ನಡೆಸುವಂತೆ ಭೂಮಿಯನ್ನು ಬಿಟ್ಟುಕೊಡುವುದು ಆ ಕಾಲದ ಕ್ರಮ. ಠೇವಣಿಯ ಬಡ್ಡಿಯಿಂದ ವರ್ಷವರ್ಷ ಉಪನ್ಯಾಸ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿಗಳೂ ಅದೇ ಕ್ರಮವನ್ನು ಮುಂದುವರಿಸಿವೆ. ಊರಿನ ಶಿಕ್ಷಕರು, ವ್ಯಾಪಾರಿಗಳು, ಪರವೂರಿಗೆ ಹೋಗಿ ನೆಲೆನಿಂತ ಮಕ್ಕಳು ಕೂಡಿ ಐದು ಲಕ್ಷ ರೂಪಾಯಿಗಳ ದತ್ತಿಯೊಂದನ್ನು ಕಾಳವ್ವನಂಥ ಗುರುವಿನ ಹೆಸರಿನಲ್ಲಿ ಇಟ್ಟರೆ, ಶೇಕಡಾ 7ರ ಬಡ್ಡಿಯಂತೆ ವರ್ಷಕ್ಕೆ 35,000 ರೂಪಾಯಿ ಬರುತ್ತದೆ. ಆ ಹಣ ಈ ವರ್ಷ ಯಾರ ಮನೆ ಬಾಡಿಗೆಯ ಮುಂಗಡಕ್ಕೆ, ಯಾರ ಔಷಧಿಗೆ, ಯಾರ ಕಾಲೇಜು ಶುಲ್ಕಕ್ಕೆ ಸಲ್ಲಬೇಕೆಂದು ಗೊತ್ತುಮಾಡುವ ಐವರಲ್ಲಿ ಮೂವರಾದರೂ ಆ ಸಮುದಾಯದವರೇ ಆಗಿರಬೇಕು. ಅವರಲ್ಲಿ ಒಬ್ಬರ ಸ್ಥಾನ, ಯಾವ ದೇವಿಗೂ ಮುತ್ತು ಕಟ್ಟಿಸಿಕೊಳ್ಳದ, ಯಾವ ಮೇಳಕ್ಕೂ ಸೇರದ, ಗಂಡಾಗಿ ಬಾಳುತ್ತಿರುವ ಅಥವಾ ಗೆಳತಿಯೊಡನೆ ಬಾಳುತ್ತಿರುವವರಿಗೆ ಮೀಸಲಾಗಿರಬೇಕು.